ಕಾರ್ಮಿಕರ ಬಗ್ಗೆ ಓದೋಕೆ ಯೂರೋಪಿಗೆ ಹೋಗಬೇಕಾ?

ಪ್ರಶ್ನೆ: ನಾನು ಪುಣೆಯ ಪಿಂಪ್ರಿಯಲ್ಲಿರುವವಳು. ಅಪ್ಪ ವಿಜಯಪುರ ಜಿಲ್ಲೆಯಿಂದ ಇಲ್ಲಿಗೆ ಬಂದು ಗೌಂಡಿ ಕೆಲಸ ಮಾಡಿದವರು. ಹತ್ತನೇ ತನಕ ಊರಲ್ಲಿ ಅಜ್ಜಿ ಮನೆಯಲ್ಲಿದ್ದು ಕನ್ನಡ ಮೀಡಿಯಂನಲ್ಲಿ ಓದಿದೆ. ಎಂಎಸ್‌ಡಬ್ಲ್ಯೂ ಮುಗಿಸಿ ಈಗ ಪಕ್ಕದ ಕಾರ್ಖಾನೆಗಳ ಊರು ಚಾಕಣದಲ್ಲಿ ಒಬ್ಬ ಲೇಬರ್ ಕಂಟ್ರ್ಯಾಕ್ಟರ್ ಆಫೀಸಿನಲ್ಲಿ ಪಿಎಫ್, ಇಎಸ್‌ಐ, ಹಾಜರಿ ಎಲ್ಲ ನೋಡಿಕೊಳ್ಳುತ್ತೇನೆ. ಎರಡು-ಮೂರು ದೇಶಗಳಲ್ಲಿ ಓದಿಸುವ, ಸ್ಕಾಲರ್‌ಶಿಪ್ ಕೊಡುವ ಮಾಸ್ಟರ್ಸ್ ಕೋರ್ಸುಗಳಿವೆ, ಅದರಲ್ಲಿ ಕೆಲಸ ಮತ್ತು ಕಾರ್ಮಿಕರ ವಿಷಯವನ್ನೇ ಓದಬಹುದು ಅಂತ ಕೇಳಿದೆ. ನಮ್ಮ ಕಾರ್ಮಿಕರನ್ನು ಅರ್ಥ ಮಾಡಿಕೊಳ್ಳೋಕೆ ಅಲ್ಲಿಗೆ ಹೋಗಬೇಕಾ? ಖರ್ಚು ಹೇಗೆ? ವಾಪಸ್ ಬಂದರೆ ಕೆಲಸ ಸಿಗುತ್ತಾ? ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ.

ಉತ್ತರ: ಹೋಗಿ ಅಂತಲೇ ಹೇಳುತ್ತೇನೆ. ನಾನೂ ಅಂಥ ಒಂದು ಕೋರ್ಸ್ ಓದಿ ಬಂದು ಈಗ ಮುಂಬೈಯಲ್ಲಿ ಇದೇ ವಿಷಯ ಪಾಠ ಮಾಡುತ್ತಿದ್ದೇನೆ, ಹಾಗಾಗಿ ಒಳಗಿನದ್ದು ಸ್ವಲ್ಪ ಗೊತ್ತು. ಆದರೆ ಹೋಗುವ ಮುಂಚೆ ಒಂದು ಕೆಲಸ ಮಾಡಬೇಕು. ಇಲ್ಲಿಂದಲೇ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಬೇಕು. ಪ್ರಶ್ನೆ ಇಲ್ಲದೆ ಹೋದವರು ಮೂರು ಊರು ನೋಡಿ, ಫೋಟೋ ತೆಗೆಸಿಕೊಂಡು, ಡಿಗ್ರಿ ಹಿಡಿದು ಬರುತ್ತಾರೆ. ಪ್ರಶ್ನೆ ಇದ್ದವರಿಗೆ ಮಾತ್ರ ದೇಶದಿಂದ ದೇಶಕ್ಕೆ ಹೋಗುವುದರಿಂದ ಏನಾದರೂ ಸಿಗುತ್ತದೆ.

ನಿಮ್ಮ ಪ್ರಶ್ನೆ ನಿಮ್ಮ ಟೇಬಲ್ ಮೇಲೇ ಇದೆ. ದಿನಾ ನೋಡುವ ಹಾಜರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಹುಡುಗ ದುಡಿಯುವುದು ಕಾರ್ ಕಂಪನಿಯ ಗೇಟಿನ ಒಳಗೆ. ಅವನಿಗೆ ಕೆಲಸ ಹೇಳುವವನು ಕಂಪನಿಯ ಸೂಪರ್‌ವೈಸರ್. ಪಗಾರ ಬರುವುದು ನಿಮ್ಮ ಕಂಟ್ರ್ಯಾಕ್ಟರ್ ಖಾತೆಯಿಂದ. ಅವನನ್ನು ಊರಿಂದ ಕರೆತಂದವನು ಇನ್ಯಾರೋ ಮುಕಾದಮ. ಹಾಗಾದರೆ ಅವನ ಮಾಲೀಕ ಯಾರು? ಕೈ ಮಷಿನ್ನಿಗೆ ಸಿಕ್ಕಿದರೆ ಯಾರನ್ನು ಕೇಳಬೇಕು? ಜಗತ್ತಿನಲ್ಲಿ ಇವತ್ತು ಕಾರ್ಮಿಕರ ಬಗ್ಗೆ ನಡೆಯುವ ಚರ್ಚೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸುತ್ತುವುದು ಇದೇ ಪ್ರಶ್ನೆಯ ಸುತ್ತ. ಪ್ರತಿ ದೇಶವೂ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಅದನ್ನು ಹತ್ತಿರದಿಂದ ನೋಡಬೇಕು, ಅದಕ್ಕೇ ಹೋಗಬೇಕು.

ಜರ್ಮನಿಯ ಮಾಂಸದ ಕಾರ್ಖಾನೆಗಳನ್ನು ನೋಡಿ. ಅಲ್ಲಿ ವರ್ಷಗಟ್ಟಲೆ ರೊಮೇನಿಯಾ, ಬಲ್ಗೇರಿಯಾ ಕಡೆಯ ಜನರನ್ನು ಸಬ್‌ಕಂಟ್ರ್ಯಾಕ್ಟ್ ಮೇಲೆ ತಂದು, ಒಂದೊಂದು ರೂಮಿನಲ್ಲಿ ಎಷ್ಟೋ ಜನರನ್ನು ತುಂಬಿ ದುಡಿಸುತ್ತಿದ್ದರು. ಅಧಿಕಾರಿಗಳು ಕೇಳಿದರೆ ಕಂಪನಿ, ಇವರು ನಮ್ಮವರಲ್ಲ, ಕಂಟ್ರ್ಯಾಕ್ಟರ್ ಜನ ಅನ್ನುತ್ತಿತ್ತು. ಚಾಕಣದಲ್ಲಿ ಕೇಳಿದ ಮಾತೇ ಅಲ್ವಾ? 2020ರ ಜೂನ್‌ನಲ್ಲಿ ಅಂಥ ಒಂದೇ ಕಾರ್ಖಾನೆಯಲ್ಲಿ ಸಾವಿರಕ್ಕೂ ಜಾಸ್ತಿ ಜನಕ್ಕೆ ಕೊರೊನಾ ಬಂತು. ಊರಿಗೆ ಊರೇ ಮತ್ತೆ ಲಾಕ್‌ಡೌನ್ ಆಯಿತು. ಆಮೇಲೆ ಸರ್ಕಾರ ಕಾನೂನು ತಂದು, 2021ರ ಜನವರಿ 1ರಿಂದ ಪ್ರಾಣಿ ಕಡಿಯುವ ಮತ್ತು ಮಾಂಸ ಕತ್ತರಿಸುವ ಮುಖ್ಯ ಕೆಲಸದಲ್ಲಿ ಸಬ್‌ಕಂಟ್ರ್ಯಾಕ್ಟನ್ನೇ ನಿಲ್ಲಿಸಿತು. ಸಣ್ಣ ಕಸಾಯಿ ಅಂಗಡಿಗಳಿಗೆ ವಿನಾಯಿತಿ ಕೊಟ್ಟರು, ದೊಡ್ಡವರು ತಮ್ಮ ಜನರನ್ನು ತಮ್ಮದೇ ಮಸ್ಟರಿಗೆ ಸೇರಿಸಿಕೊಳ್ಳಬೇಕಾಯಿತು.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲೂ 1970ರ ಗುತ್ತಿಗೆ ಕಾರ್ಮಿಕರ ಕಾನೂನು ಇತ್ತು, ಸರ್ಕಾರ ಮನಸ್ಸು ಮಾಡಿದರೆ ಕೆಲವು ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸಬಹುದಿತ್ತು. ಈಗ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಹೋಗಿದೆ. 29 ಹಳೇ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ, ನಿಮ್ಮ ಆಫೀಸಿಗೆ ಸುತ್ತೋಲೆ ಬಂದಿರಬೇಕು. ಅದರಲ್ಲೂ ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಾಕಬಾರದು ಅಂತಲೇ ಬರೆದಿದೆ. ಓದಿದರೆ ಜರ್ಮನಿಯದೇ ಕಾನೂನು ಅನಿಸುತ್ತದೆ. ಆದರೆ ಕೆಳಗೆ ವಿನಾಯಿತಿಗಳಿವೆ. ಆ ಕೆಲಸವನ್ನು ಮಾಮೂಲಿಯಾಗಿ ಕಂಟ್ರ್ಯಾಕ್ಟರ್ ಮೂಲಕವೇ ಮಾಡಿಸುತ್ತಿದ್ದರೆ ಪರವಾಗಿಲ್ಲ. ಕೆಲಸ ಒಮ್ಮೆಲೇ ಜಾಸ್ತಿಯಾದರೆ ಪರವಾಗಿಲ್ಲ. ಮೊದಲು 20 ಜನ ಇದ್ದರೆ ಕಾನೂನು ಅನ್ವಯಿಸುತ್ತಿತ್ತು, ಈಗ 50 ಜನ ಬೇಕು. ಅಲ್ಲಿ ನಿಷೇಧ ನಿಜವಾಗಿ ನಡೆಯಿತು, ಇಲ್ಲಿ ಯಾಕೆ ನಡೆಯುವುದಿಲ್ಲ? ಕಾನೂನಿನ ಮಾತಿನಲ್ಲಿ ವ್ಯತ್ಯಾಸವಾ, ಇನ್‌ಸ್ಪೆಕ್ಟರ್‌ಗಳ ಕೊರತೆಯಾ, ಯೂನಿಯನ್ ಬಲವಾ, ಅಥವಾ ಗೇಟಿನ ಹೊರಗೆ ಕೆಲಸಕ್ಕೆ ಕಾಯುವ ಜನರ ಸಾಲು ಅಲ್ಲಿಗಿಂತ ಇಲ್ಲಿ ಉದ್ದ ಇರುವುದಾ? ಇದೊಂದೇ ಪ್ರಶ್ನೆ ಸಾಕು, ಒಂದು ಒಳ್ಳೇ ಪ್ರಬಂಧ ಆಗುತ್ತದೆ. ಅದನ್ನು ಬರೆಯೋಕೆ ನಿಮಗಿಂತ ಸರಿಯಾದವರು ಆ ಕ್ಲಾಸಿನಲ್ಲಿ ಇರಲಾರರು.

ಇಟಲಿಗೆ ಹೋದರೆ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಹೊಲದ ಕೆಲಸಕ್ಕೆ ಜನ ಒದಗಿಸುವ ದಲ್ಲಾಳಿ ಇದ್ದಾನೆ, ಕಪೊರಾಲೆ ಅನ್ನುತ್ತಾರೆ. ಬೆಳಗ್ಗೆ ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಾನೆ, ಕೂಲಿಯಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಪಶ್ಚಿಮ ಮಹಾರಾಷ್ಟ್ರದ ಕಬ್ಬು ಕಡಿಯುವ ಟೋಳಿಗಳ ಮುಕಾದಮನನ್ನು ಕಂಡವರಿಗೆ ಹೊಸದೇನಲ್ಲ. 2016ರಲ್ಲಿ ಇಟಲಿ ಕಾನೂನು ಬಿಗಿ ಮಾಡಿತು. ದಲ್ಲಾಳಿಗಷ್ಟೇ ಅಲ್ಲ, ಅವನ ಮೂಲಕ ಜನರನ್ನು ಶೋಷಣೆ ಮಾಡಿ ದುಡಿಸುವ ಹೊಲದ ಮಾಲೀಕನಿಗೂ ಜೈಲು. ಹಾಗಿದ್ದೂ 2024ರ ಜೂನ್‌ನಲ್ಲಿ ರೋಮ್ ಹತ್ತಿರದ ಲಾತೀನಾ ಕಡೆ ಪಂಜಾಬಿನಿಂದ ಹೋದ ಒಬ್ಬ ಕೃಷಿ ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಸೇರಿಸದೆ ಮನೆ ಮುಂದೆ ಬಿಟ್ಟು ಹೋದರು, ಅವನು ಬದುಕಲಿಲ್ಲ. ಆ ಸಾವಿಗಾಗಿ ಇಟಲಿಯ ಯೂನಿಯನ್‌ಗಳು ಬೀದಿಗಿಳಿದವು. ಯೂರೋಪ್ ಅಂದರೆ ಎಲ್ಲ ಸರಿ ಇರುವ ಜಾಗ ಅಂದುಕೊಂಡು ಹೋಗಬೇಡಿ ಅನ್ನೋಕೆ ಇದನ್ನು ಹೇಳಿದೆ. ಅಲ್ಲಿಯ ಟೊಮೆಟೊ ಹೊಲದಲ್ಲಿ, ಗೋದಾಮಿನಲ್ಲಿ, ಡೆಲಿವರಿ ಬೈಕಿನ ಮೇಲೆ ನಮ್ಮವರೇ ಇದ್ದಾರೆ. ಸುಮ್ನೆ ಪುಸ್ತಕ ಓದಿ ಬರಬೇಡಿ, ಅವರ ಜೊತೆ ಕೂತು ಮಾತಾಡಿ. ನಿಮಗೆ ಬರುವ ಹಿಂದಿ-ಮರಾಠಿ-ಕನ್ನಡ ಅಲ್ಲಿನ ಪ್ರೊಫೆಸರುಗಳಿಗೆ ಬರುವುದಿಲ್ಲ.

ಇನ್ನು ಡೆಲಿವರಿ ಹುಡುಗರ ವಿಷಯ. ಸ್ಪೇನ್ ದೇಶ 2021ರಲ್ಲಿ ಕಾನೂನು ಮಾಡಿ, ಊಟ-ಸಾಮಾನು ತಲುಪಿಸುವ ಆ್ಯಪ್ ಸವಾರರನ್ನು ಕಂಪನಿಯ ನೌಕರರೆಂದೇ ಹಿಡಿಯಬೇಕು ಅಂದಿತು. ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ ಅಂತ ಕಾರ್ಮಿಕರ ಪ್ರತಿನಿಧಿಗಳಿಗೆ ತಿಳಿಸಬೇಕು ಅಂತಲೂ ಹೇಳಿತು. ನಮ್ಮಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ನೌಕರ ಹೌದೋ ಅಲ್ಲವೋ ಅನ್ನುವ ಜಗಳ ಪಕ್ಕಕ್ಕಿಟ್ಟು, ಕಂಪನಿಗಳಿಂದ ಶುಲ್ಕ ತೆಗೆದುಕೊಂಡು ಕಲ್ಯಾಣ ಮಂಡಳಿ ಮೂಲಕ ಸೌಲಭ್ಯ ಕೊಡುವುದು. ರಾಜಸ್ಥಾನ 2023ರಲ್ಲಿ ಮಾಡಿತು, ಕರ್ನಾಟಕ 2025ರಲ್ಲಿ ಮಾಡಿತು. ನನಗೆ ಇದರಲ್ಲಿ ಮಹಾರಾಷ್ಟ್ರದ ಮಾಥಾಡಿ ಮಂಡಳಿಯ ನೆರಳು ಕಾಣುತ್ತದೆ.

ಮಾಥಾಡಿ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮುಂಬೈ-ಪುಣೆಯಲ್ಲಿರುವ ನಮ್ಮವರಿಗೇ ಅದರ ಬೆಲೆ ಗೊತ್ತಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲ ಬೆಳಗ್ಗೆ ಒಬ್ಬ ವ್ಯಾಪಾರಿಯ ಲಾರಿ ಇಳಿಸುತ್ತಾನೆ, ಮಧ್ಯಾಹ್ನ ಇನ್ನೊಬ್ಬನದು. ಅವನಿಗೆ ಪಿಎಫ್ ಕಟ್ಟುವವರು ಯಾರು? 1969ರ ಮಾಥಾಡಿ ಕಾನೂನು ಇದಕ್ಕೆ ಒಂದು ಉಪಾಯ ಹುಡುಕಿತು. ವ್ಯಾಪಾರಿಗಳು, ಕಾರ್ಮಿಕರು, ಸರ್ಕಾರ ಮೂವರೂ ಇರುವ ಒಂದು ಮಂಡಳಿ. ವ್ಯಾಪಾರಿ ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಟೋಳಿಯವರಿಗೆ ಪಗಾರ, ಪಿಎಫ್, ಗ್ರ್ಯಾಚ್ಯುಟಿ ಕೊಡುತ್ತದೆ. ಮಾಲೀಕ ಬದಲಾದರೂ ಹಕ್ಕು ಬದಲಾಗುವುದಿಲ್ಲ. ಇದರ ಹಿಂದೆ ಅಣ್ಣಾಸಾಹೇಬ್ ಪಾಟೀಲರ ಹೋರಾಟ ಇದೆ, ಪುಣೆಯಲ್ಲಿ ಬಾಬಾ ಆಢಾವ್ ಕಟ್ಟಿದ ಹಮಾಲ್ ಪಂಚಾಯತ್ ಇದೆ. ಈಗ ಮಾಥಾಡಿ ಹೆಸರಲ್ಲಿ ಹಫ್ತಾ ವಸೂಲಿ ನಡೆಯುತ್ತದೆ ಅನ್ನುವ ದೂರೂ ಇದೆ, ಅದನ್ನೂ ಮುಚ್ಚಿಡಬೇಡಿ. ಆದರೆ ಆ್ಯಪ್ ಸವಾರರಿಗೆ ಏನು ಮಾಡೋಣ ಅಂತ ಇವತ್ತು ಯೂರೋಪ್ ತಲೆ ಕೆಡಿಸಿಕೊಂಡಿದೆ. ಹತ್ತು ಮಾಲೀಕರ ಕೈಯಲ್ಲಿ ದುಡಿಯುವ ಒಬ್ಬ ಮನುಷ್ಯನ ಪ್ರಶ್ನೆಗೆ ಇಲ್ಲಿನ ಹಮಾಲರು ಐವತ್ತು ವರ್ಷಕ್ಕೂ ಹಿಂದೆ ಉತ್ತರ ಪಡೆದಿದ್ದಾರೆ. ಕ್ಲಾಸಿನಲ್ಲಿ ಇದನ್ನು ಎದ್ದು ನಿಂತು ಹೇಳಿ. ನಾವು ಅಲ್ಲಿಗೆ ಕಲಿಯೋಕೆ ಮಾತ್ರ ಹೋಗುವುದಲ್ಲ.

ಈಗ ಕೋರ್ಸುಗಳಿಗೆ ಬರೋಣ. ನೀವು ಕೇಳಿರುವುದು ಎರಾಸ್ಮಸ್ ಮುಂಡಸ್ ಇರಬೇಕು. ಯೂರೋಪಿನ ಹಲವು ವಿಶ್ವವಿದ್ಯಾಲಯಗಳು ಸೇರಿ ಒಂದೇ ಮಾಸ್ಟರ್ಸ್ ನಡೆಸುತ್ತವೆ, ನೀವು ಕನಿಷ್ಠ ಎರಡು ದೇಶಗಳಲ್ಲಿ ಓದಲೇಬೇಕು. ಸ್ಕಾಲರ್‌ಶಿಪ್ ಸಿಕ್ಕರೆ ಫೀಸ್ ಇಲ್ಲ, ಇನ್ಶೂರೆನ್ಸ್ ಅವರದೇ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ, ಹೆಚ್ಚೆಂದರೆ 24 ತಿಂಗಳು. ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷಕ್ಕೂ ಮೇಲೆ. ಟಿಕೆಟ್, ವೀಸಾ, ಮನೆ ಎಲ್ಲ ಅದರಲ್ಲೇ ಬರಬೇಕು. ಇದರಲ್ಲಿ ಕೆಲಸದ ಬಗ್ಗೆ ನೇರವಾಗಿ ಇರುವ ಹಳೇ ಕೋರ್ಸ್ ಅಂದರೆ ವಲೆನ್ಸಿಯಾ ವಿಶ್ವವಿದ್ಯಾಲಯ ಮುಂದಾಳತ್ವ ವಹಿಸಿ ಬಾರ್ಸಿಲೋನಾ, ಬೊಲೊನ್ಯಾ, ಕೊಯಿಂಬ್ರಾ ಜೊತೆ ನಡೆಸುವ ಕೆಲಸ ಮತ್ತು ಸಂಸ್ಥೆಗಳ ಮನಃಶಾಸ್ತ್ರದ ಮಾಸ್ಟರ್ಸ್. ಒಳ್ಳೇದು, ಆದರೆ ಅದು ಮನಃಶಾಸ್ತ್ರ ಓದಿದವರಿಗೆ. ನಿಮ್ಮ ಪ್ರಶ್ನೆಗೆ ಅದು ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ವಲಸೆ ಕಡೆಯಿಂದ ನೋಡಬೇಕು ಅಂದರೆ ಜರ್ಮನಿಯ ಓಲ್ಡನ್‌ಬುರ್ಗ್ ಮುಂದಾಳಾಗಿರುವ ವಲಸೆ ಮತ್ತು ಸಂಸ್ಕೃತಿ ಸಂಬಂಧಗಳ ಮಾಸ್ಟರ್ಸ್ ಇದೆ, ಅದರಲ್ಲಿ ಆಫ್ರಿಕಾದ ವಿಶ್ವವಿದ್ಯಾಲಯಗಳೂ ಸೇರಿವೆ. ವಿಜಯಪುರದಿಂದ ಪುಣೆಗೆ ಬಂದ ಮನೆಯ ಮಗಳಿಗೆ ಅಲ್ಲಿ ಹೇಳೋಕೆ ತುಂಬಾ ಇರುತ್ತದೆ. ಒಂದು ಎಚ್ಚರ: ಈ ಕೋರ್ಸುಗಳಿಗೆ ಯೂರೋಪಿಯನ್ ಕಮಿಷನ್ ಕೆಲವು ವರ್ಷಕ್ಕೆ ಮಾತ್ರ ಹಣ ಮಂಜೂರು ಮಾಡುತ್ತದೆ. ಹೋದ ವರ್ಷ ಸ್ಕಾಲರ್‌ಶಿಪ್ ಇದ್ದ ಕೋರ್ಸಿಗೆ ಈ ವರ್ಷ ಇಲ್ಲದಿರಬಹುದು. ಕಮಿಷನ್ನಿನದೇ ಪಟ್ಟಿ ಇದೆ, ಅದನ್ನೇ ನೋಡಿ, ಏಜೆಂಟರ ಮಾತು ಕೇಳಬೇಡಿ. ಈ ಸ್ಕಾಲರ್‌ಶಿಪ್‌ಗೆ ಏಜೆಂಟರೇ ಬೇಕಾಗಿಲ್ಲ.

ಎರಡನೇ ದಾರಿ ಗ್ಲೋಬಲ್ ಲೇಬರ್ ಯೂನಿವರ್ಸಿಟಿ. ನಿಮಗೆ ನಾನು ಮೊದಲು ಸೂಚಿಸುವುದು ಇದನ್ನೇ. ಇದೊಂದು ಕಟ್ಟಡ ಅಲ್ಲ, ವಿಶ್ವವಿದ್ಯಾಲಯಗಳು, ಯೂನಿಯನ್‌ಗಳು, ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಸೇರಿ ಕಟ್ಟಿಕೊಂಡ ಜಾಲ. 2004ರಲ್ಲಿ ಜರ್ಮನಿಯಲ್ಲಿ ಮೊದಲ ಮಾಸ್ಟರ್ಸ್ ಶುರುವಾಯಿತು, ಕಾಸೆಲ್ ಮತ್ತು ಬರ್ಲಿನ್ ಎರಡೂ ಕಡೆ ಓದಿಸುತ್ತಾರೆ, ಇಂಗ್ಲಿಷಿನಲ್ಲಿ. ಆಮೇಲೆ ದಕ್ಷಿಣ ಆಫ್ರಿಕಾದ ವಿಟ್ಸ್ ವಿಶ್ವವಿದ್ಯಾಲಯ, ಬ್ರೆಜಿಲ್‌ನ ಕಂಪೀನಸ್ ವಿಶ್ವವಿದ್ಯಾಲಯ, ನಮ್ಮ ದೇಶದಲ್ಲೂ ಕೋರ್ಸ್ ಬಂದವು. ಬ್ರೆಜಿಲ್ ಕಡೆಗೂ ಒಮ್ಮೆ ಮನಸ್ಸು ಹಾಯಿಸಿ. ಸಾವೊ ಪಾವ್ಲೊ ಸುತ್ತಲಿನ ಕಾರ್ ಕಾರ್ಖಾನೆಗಳಲ್ಲಿ 1978ರಿಂದ ನಡೆದ ಮುಷ್ಕರಗಳಿಂದಲೇ ಲೂಲಾ ಅನ್ನುವ ಯೂನಿಯನ್ ನಾಯಕ ಮೇಲೆ ಬಂದು ಮುಂದೆ ಅಧ್ಯಕ್ಷರಾದರು. ಪಿಂಪ್ರಿ-ಚಾಕಣದ ಜೊತೆ ಹೋಲಿಸೋಕೆ ಬರ್ಲಿನ್‌ಗಿಂತ ಅದೇ ಹತ್ತಿರ. ಆದರೆ ಈ ಜಾಲದ ಕೋರ್ಸುಗಳಿಗೆ ಯೂನಿಯನ್ ಅಥವಾ ಕಾರ್ಮಿಕ ಸಂಘಟನೆಯ ಅನುಭವ ಇದ್ದರೆ ಬೆಲೆ ಜಾಸ್ತಿ. ನೀವು ಇರುವುದು ಕಂಟ್ರ್ಯಾಕ್ಟರ್ ಆಫೀಸಿನಲ್ಲಿ. ಹಾಗಾಗಿ ಈ ವರ್ಷವೇ ರಜಾ ದಿನಗಳಲ್ಲಿ ಒಂದು ಕಾರ್ಮಿಕ ಸಂಘಟನೆ ಜೊತೆ ಕೆಲಸ ಶುರು ಮಾಡಿ. ಪುಣೆಯಲ್ಲಿ ಅದಕ್ಕೇನು ಬರವಿಲ್ಲ. ಕಸ ಆಯುವ ಹೆಂಗಸರು 1993ರಲ್ಲಿ ಕಟ್ಟಿಕೊಂಡ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಇಲ್ಲೇ ಇದೆ, ಅದನ್ನು ನೋಡೋಕೆ ಬೇರೆ ದೇಶಗಳಿಂದ ಜನ ಬರುತ್ತಾರೆ. ಬೆಳಗ್ಗೆ ಮಜೂರ್ ಅಡ್ಡಾದಲ್ಲಿ ನಿಲ್ಲುವ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸೋಕೆ ಕನ್ನಡ ಬಲ್ಲ ಒಬ್ಬರು ಸಿಕ್ಕರೆ ಎಷ್ಟು ಉಪಕಾರ ಗೊತ್ತಾ? ನೋಂದಣಿಗೆ ಬೇಕಾದ, 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಯಾರು ಕೊಡಬೇಕು ಅನ್ನುವಲ್ಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇದು ನಿಮ್ಮ ಅರ್ಜಿಗೂ ಬಲ, ಅವರಿಗೂ ಬಲ.

ಆ ಜಾಲದವರೇ ನಡೆಸುವ ಉಚಿತ ಆನ್‌ಲೈನ್ ಕೋರ್ಸುಗಳೂ ಇವೆ. ಅರ್ಜಿ ಹಾಕುವ ಮುಂಚೆ ಒಂದನ್ನಾದರೂ ಮುಗಿಸಿ. ಈ ವಿಷಯ ನಿಮಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ, ಇಂಗ್ಲಿಷೂ ರೂಢಿಯಾಗುತ್ತದೆ.

ಇಂಗ್ಲಿಷಿಗೆ ಹೆದರಬೇಡಿ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 6.5 ಕೇಳುತ್ತಾರೆ, ಆರು ತಿಂಗಳು ಕೂತು ಓದಿದರೆ ಬರುತ್ತದೆ. ಕ್ಲಾಸಿನಲ್ಲಿ ಅರ್ಧ ಜನಕ್ಕೆ ಅದು ಎರಡನೇ ಅಥವಾ ಮೂರನೇ ಭಾಷೆ. ಕಷ್ಟ ಇರುವುದು ಅರ್ಜಿ ಪತ್ರದಲ್ಲಿ. ನಮ್ಮ ಹುಡುಗರು ಬರೆಯುವ ಪತ್ರಗಳನ್ನು ವರ್ಷಾ ವರ್ಷ ಓದುತ್ತೇನೆ. ಚಿಕ್ಕಂದಿನಿಂದ ಸಮಾಜಸೇವೆಯ ಆಸೆ, ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯ, ಇಂಥ ಮಾತೇ ಒಂದೂವರೆ ಪುಟ. ಅದನ್ನೆಲ್ಲ ಕಿತ್ತುಹಾಕಿ. ಮೊದಲ ಸಾಲಿನಲ್ಲೇ ಬರೆಯಿರಿ: ಒಂದು ಕಾರ್ಖಾನೆಯ ಒಂದೇ ಲೈನಿನಲ್ಲಿ ಒಂದೇ ಕೆಲಸ ಮಾಡುವ ಕಾಯಂ ನೌಕರ, ಗುತ್ತಿಗೆಯವನು, ಟ್ರೇನಿ ಮೂವರಿಗೂ ಮೂರು ಥರದ ಪಗಾರದ ಚೀಟಿ ಮಾಡುವವಳು ನಾನು, ಈ ಮೂರು ಚೀಟಿಗಳ ನಡುವಿನ ಅಂತರ ಎಲ್ಲಿಂದ ಬಂತು ಅಂತ ತಿಳಿಯಬೇಕು. ಇಷ್ಟು ಸಾಕು, ಆಯ್ಕೆ ಸಮಿತಿಯವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂರುತ್ತಾರೆ. ಕಂಪನಿ ಹೆಸರು, ಜನರ ಹೆಸರು ಮಾತ್ರ ಎಲ್ಲೂ ಹಾಕಬೇಡಿ. ಅಪ್ಪನ ಕೆಲಸದ ಬಗ್ಗೆಯೂ ಬರೆಯಿರಿ. ಅಯ್ಯೋ ಪಾಪ ಅನಿಸಿಕೊಳ್ಳೋಕೆ ಬೇಡ, ಅವರು ಊರಿಂದ ಬಂದದ್ದು ಯಾರ ಜೊತೆ, ಮುಂಗಡ ಎಷ್ಟು, ಬಾಕಿ ತೀರಿದ್ದು ಹೇಗೆ ಅಂತ ಮಾಹಿತಿಯಾಗಿ ಬರೆಯಿರಿ.

ದುಡ್ಡಿನ ವಿಷಯದಲ್ಲಿ ಒಂದು ಮಾತು ಯಾರೂ ಹೇಳುವುದಿಲ್ಲ. ಸ್ಕಾಲರ್‌ಶಿಪ್ ಸಿಕ್ಕರೂ ಮೊದಲ ಕಂತು ಕೈಗೆ ಬರುವುದು ಅಲ್ಲಿಗೆ ಹೋಗಿ, ಬ್ಯಾಂಕ್ ಖಾತೆ ತೆರೆದ ಮೇಲೆ. ಅಷ್ಟರಲ್ಲಿ ವೀಸಾ, ಟಿಕೆಟ್, ರೂಮಿನ ಡಿಪಾಸಿಟ್ ಎಲ್ಲ ಕೈಯಿಂದ ಹೋಗಿರುತ್ತದೆ. ಎರಡೂವರೆ-ಮೂರು ಲಕ್ಷ ಮೊದಲೇ ಹೊಂದಿಸಿಕೊಂಡಿರಿ, ಮೀಟರ್ ಬಡ್ಡಿಗೆ ಮಾತ್ರ ಬೇಡ. ಜರ್ಮನಿಗೆ ಸ್ಕಾಲರ್‌ಶಿಪ್ ಇಲ್ಲದೆ ಹೋಗುವವರು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು, 2024ರ ಸೆಪ್ಟೆಂಬರಿನಿಂದ ಈ ಲೆಕ್ಕ. ಮನೆ ಅಡವಿಟ್ಟು ಅಷ್ಟು ತೋರಿಸಿ ಈ ವಿಷಯ ಓದಿ ಅಂತ ನಾನು ಹೇಳುವುದಿಲ್ಲ. ಈ ಡಿಗ್ರಿಯಿಂದ ಬರುವ ಪಗಾರಕ್ಕೆ ಆ ಸಾಲ ತೀರುವುದು ಕಷ್ಟ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಪರಿಶಿಷ್ಟ ಜಾತಿಯವರ ಜೊತೆ ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಗಳು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಸಿಗುತ್ತದೆ. ಆದರೆ 2022ರಲ್ಲಿ ಅದರ ನಿಯಮ ಬದಲಿಸಿ, ಭಾರತದ ಸಮಾಜ, ಸಂಸ್ಕೃತಿ, ಚರಿತ್ರೆಯ ಮೇಲಿನ ಅಧ್ಯಯನಕ್ಕೆ ಕೊಡುವುದಿಲ್ಲ ಅಂದರು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ಆ ಸ್ಕಾಲರ್‌ಶಿಪ್ ಪಡೆಯುವ ಮಕ್ಕಳಿಗೆ ಬರೆಯಬೇಕಾದ್ದು ಇರುವುದೇ ಇಲ್ಲಿಯ ಸಮಾಜದ ಬಗ್ಗೆ. ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯಲ್ಲಿ ಆ ಭಾಗವನ್ನು ಗಮನವಿಟ್ಟು ಓದಿ.

ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಐಟಿಯವರ ಥರ ಕ್ಯಾಂಪಸ್ಸಿನಲ್ಲೇ ಪ್ಯಾಕೇಜ್ ಸಿಗುವ ಓದಲ್ಲ ಇದು. ಯೂನಿಯನ್‌ಗಳ ಸಂಶೋಧನಾ ವಿಭಾಗ, ಐಎಲ್‌ಒ ಯೋಜನೆಗಳು, ವಲಸೆ ಕಾರ್ಮಿಕರ ಸಂಸ್ಥೆಗಳು, ಕಾಲೇಜಿನ ಪಾಠ, ಇವು ಹಳೇ ದಾರಿಗಳು. ಹೊಸದು ಒಂದಿದೆ. ಜರ್ಮನಿ 2023ರಿಂದ ತನ್ನ ದೊಡ್ಡ ಕಂಪನಿಗಳಿಗೆ, ನಿಮಗೆ ಸಾಮಾನು ಒದಗಿಸುವ ಹೊರದೇಶದ ಕಾರ್ಖಾನೆಗಳಲ್ಲಿ ಕಾರ್ಮಿಕರ ಹಕ್ಕು ಏನಾಗಿದೆ ನೋಡಿ ಅಂತ ಕಾನೂನು ಮಾಡಿದೆ. ಅದನ್ನು ಸಡಿಲ ಮಾಡುವ ಒತ್ತಡವೂ ಜೋರಾಗಿದೆ, ಆದರೆ ಕೆಲಸ ನಿಂತಿಲ್ಲ. ಚಾಕಣದಲ್ಲಿ ಜರ್ಮನ್ ಕಂಪನಿಗಳಿಗೆ ಬಿಡಿಭಾಗ ಮಾಡುವವರು ಎಷ್ಟಿದ್ದಾರೆ ನಿಮಗೇ ಗೊತ್ತು. ಆಡಿಟ್ ಬರುವ ದಿನ ಯಾವ ರಿಜಿಸ್ಟರ್ ತೋರಿಸುತ್ತಾರೆ, ಯಾವುದನ್ನು ಕಪಾಟಿನಲ್ಲಿಡುತ್ತಾರೆ ಅಂತ ಗೊತ್ತಿರುವವರು ಆ ಕೆಲಸಕ್ಕೆ ಬಂದರೆ ಆಡಿಟ್‌ಗೆ ಅರ್ಥ ಬರುತ್ತದೆ. ಜರ್ಮನಿಯಲ್ಲಿ ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಇರಬಹುದು. ನೀವು ವಾಪಸ್ ಬಂದರೆ ನನಗೆ ಸಂತೋಷ, ಬರದಿದ್ದರೆ ತಪ್ಪೇನಿಲ್ಲ.

ಹೋಗೋಕೆ ಆಗಲೇ ಇಲ್ಲ ಅಂದರೆ? ಮುಂಬೈಯಲ್ಲಿ 1936ರಿಂದ ಇರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಉದ್ಯೋಗದ ಬಗ್ಗೆಯೇ ಸಂಶೋಧನೆ ಮಾಡುವ ಕೇಂದ್ರ ಇದೆ. ಇವು ಕಮ್ಮಿ ಅಂತ ತಿಳಿಯಬೇಡಿ. ಆದರೆ ಇಲ್ಲೇ ಓದಿದರೂ ಹೋಲಿಸುವ ಅಭ್ಯಾಸ ಬಿಡಬೇಡಿ. ಮುಂಬೈಯ ಗಿರಣಗಾಂವಿನಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಜನ ದಿಕ್ಕಾಪಾಲಾದರು, ಮನೆಗಾಗಿ ಇವತ್ತಿಗೂ ಅವರ ಮಕ್ಕಳು ಲಾಟರಿ ಚೀಟಿ ಕಾಯುತ್ತಿದ್ದಾರೆ. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲು ಗಣಿಗಳನ್ನು ಮುಚ್ಚುವ ತೀರ್ಮಾನ 2007ರಲ್ಲಾಯಿತು, ಕೊನೇ ಗಣಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಯೂನಿಯನ್, ಕಂಪನಿ, ಸರ್ಕಾರ ಕೂತು ಯಾರಿಗೆ ಬೇಗ ಪಿಂಚಣಿ, ಯಾರಿಗೆ ಬೇರೆ ತರಬೇತಿ ಅಂತ ಲೆಕ್ಕ ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸಿಟ್ಟು ಬರುತ್ತದೆ, ಬರಬೇಕು.

ಕೊನೆಗೆ ಕಾಗದಪತ್ರ. ಎರಾಸ್ಮಸ್ ಕೋರ್ಸುಗಳ ಅರ್ಜಿ ಬಹುಪಾಲು ಅಕ್ಟೋಬರಿನಿಂದ ಜನವರಿ ಒಳಗೆ ಮುಗಿಯುತ್ತದೆ, ಓದು ಶುರುವಾಗುವುದು ಮುಂದಿನ ಸೆಪ್ಟೆಂಬರ್ ಹೊತ್ತಿಗೆ. ಪದವಿ ಪ್ರಮಾಣಪತ್ರ ವಿಶ್ವವಿದ್ಯಾಲಯದಿಂದ ಇನ್ನೂ ತೆಗೆದುಕೊಂಡಿಲ್ಲದಿದ್ದರೆ ಈ ವಾರವೇ ಅರ್ಜಿ ಕೊಡಿ. ಸ್ಪೇನ್, ಇಟಲಿಯಂಥ ಕಡೆ ಅದಕ್ಕೆ ನಮ್ಮ ವಿದೇಶಾಂಗ ಇಲಾಖೆಯ ಅಪೊಸ್ಟಿಲ್, ಅಂದರೆ ಪತ್ರ ಅಸಲಿ ಅನ್ನುವ ಮುದ್ರೆ, ಕೇಳುತ್ತಾರೆ, ಅದಕ್ಕೂ ಮುಂಚೆ ರಾಜ್ಯದ ದೃಢೀಕರಣ ಆಗಬೇಕು. ಜರ್ಮನಿ ವೀಸಾಕ್ಕೆ 2022ರ ನವೆಂಬರಿನಿಂದ ಸಾಮಾನ್ಯವಾಗಿ ಎಪಿಎಸ್ ಪ್ರಮಾಣಪತ್ರ ಬೇಕು, ಅಂದರೆ ನಿಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವ ಪತ್ರ. ಮೊದಲ ದೇಶದ ವೀಸಾ ಸಿಕ್ಕಿದರೆ ಎರಡನೇ ದೇಶಕ್ಕೆ ಹೋಗುವುದು ಅಷ್ಟು ಕಷ್ಟವಲ್ಲ, ಇಂಥ ಜಂಟಿ ಕೋರ್ಸಿನವರು 360 ದಿನದವರೆಗೆ ಹೊಸ ವೀಸಾ ಇಲ್ಲದೆ ಬೇರೆ ದೇಶದಲ್ಲಿ ಓದೋಕೆ ಯೂರೋಪಿನ ನಿಯಮ ಅವಕಾಶ ಕೊಡುತ್ತದೆ, ಡೆನ್ಮಾರ್ಕ್ ಮತ್ತು ಐರ್ಲೆಂಡ್ ಬಿಟ್ಟು. ಶಿಫಾರಸು ಪತ್ರ ಎರಡು ಬೇಕಾಗುತ್ತದೆ. ಒಂದು ನಿಮ್ಮ ಎಂಎಸ್‌ಡಬ್ಲ್ಯೂ ಮೇಡಂ ಅಥವಾ ಸರ್ ಹತ್ತಿರ, ಇನ್ನೊಂದು ಕಂಟ್ರ್ಯಾಕ್ಟರ್ ಹತ್ತಿರ ಬೇಡ, ನೀವು ಸೇರುವ ಸಂಘಟನೆಯವರ ಹತ್ತಿರ ತೆಗೆದುಕೊಳ್ಳಿ. ಪತ್ರದ ಕರಡು ತಯಾರಾದರೆ ಕಳಿಸಿ, ಓದಿ ಹೇಳುತ್ತೇನೆ.